ಒಂದೂ ಕಳೆಯದ ಸಾವಿರ ಘನಗಳು

ಇಲಾಖೆಯಿಂದ ಶಾಲೆಗೆ ಒಂದು ಪೆಟ್ಟಿಗೆ ಬಂದಿತ್ತು. ಅದರೊಳಗೆ ಮರದ ಸಾವಿರ ಪುಟ್ಟ ಘನಗಳು. ಒಂದೊಂದೂ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದೇ ಸೆಂಟಿಮೀಟರು. ಐದನೇ ತರಗತಿಯ ಮಕ್ಕಳು ಇವನ್ನು ಡಬ್ಬಿಯೊಳಗೆ ಸಾಲಾಗಿ ಜೋಡಿಸಿ, ಎಷ್ಟು ಹಿಡಿಯಿತೆಂದು ಎಣಿಸಿ, ಘನಫಲವೆಂದರೇನೆಂದು ಕೈಯಾರೆ ಕಲಿಯಲಿ ಎಂಬುದು ಕಳಿಸಿದವರ ಆಸೆ. ಆಸೆಯೇನೋ ಒಳ್ಳೆಯದೇ. ಆದರೆ ಪೆಟ್ಟಿಗೆ ಬಿದ್ದದ್ದು ಹೆಡ್ಮಾಸ್ಟರ ಕೈಗೆ.

ಈ ಹೆಡ್ಮಾಸ್ಟರಿಗೆ ಪಾಠೋಪಕರಣಗಳೆಂದರೆ ಪ್ರಾಣ, ಅವನ್ನು ಯಾರಾದರೂ ಬಳಸುತ್ತಾರೆಂದರೆ ಪ್ರಾಣಸಂಕಟ. ಗ್ಲೋಬಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಬಾಯಿ ಕಟ್ಟಿಸಿದ್ದರು. ದೇಶ ಹುಡುಕುವವರು ಚೀಲದ ಮೇಲಿಂದಲೇ ಹುಡುಕಿಕೊಳ್ಳಬೇಕು. ಘನಗಳ ವಿಷಯದಲ್ಲಂತೂ ಅವರ ತಲೆ ಇನ್ನೂ ಚುರುಕಾಗಿ ಓಡಿತು. ಎಲ್ಲವನ್ನೂ ಗೋಂದು ಹಾಕಿ ಒಂದಕ್ಕೊಂದು ಅಂಟಿಸಿ ಒಂದೇ ದೊಡ್ಡ ಗಟ್ಟಿ ಮಾಡಿಸಿ, ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿದರು. ಕೆಳಗೊಂದು ಚೀಟಿ: ‘ಏಕಮಾನ ಘನಗಳು, ಸಾವಿರ. ಮುಟ್ಟಬಾರದು.’

“ಇನ್ಮೇಲೆ ಒಂದೂ ಕಳೆಯೋ ಹಾಗಿಲ್ಲ ನೋಡಿ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದೇನೋ ನಿಜ.

ಐದನೇ ತರಗತಿಯ ಟೀಚರು ಈ ಶಾಲೆಗೆ ಬಂದದ್ದು ಅದಾದ ಮೇಲೆ. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪ್ರೊಬೇಷನ್ ಅವಧಿಯನ್ನು ಎರಡು ಸಲ ಮುಂದಕ್ಕೆ ತಳ್ಳಿದ್ದರು. ಮೂರನೇ ಸಲ ತಳ್ಳುವ ಪದ್ಧತಿಯಿಲ್ಲ, ಸೀದಾ ಮನೆಗೆ. ಮನೆಯೆಂದರೆ ಎರಡು ಕೋಣೆ, ಮೊಣಕಾಲು ನೋವಿನ ತಾಯಿ, ತರಗತಿಗೆಂದು ಕೂಡಿಟ್ಟ ಖಾಲಿ ಡಬ್ಬಿಗಳ ಒಂದು ರಾಶಿ. ಈ ತಿಂಗಳು ಇನ್‌ಸ್ಪೆಕ್ಟರು ಬಂದು ಒಂದು ಪಾಠ ನೋಡಿ, ಒಂದು ಸಹಿ ಹಾಕಬೇಕು. ಪಾಠವನ್ನು ಇಲಾಖೆಯೇ ಆರಿಸಿತ್ತು: ಏಕಮಾನ ಘನಗಳಿಂದ ಘನಫಲ ಅಳೆಯುವುದು.

“ಸರ್, ಮಕ್ಕಳಿಗೆ ಅಭ್ಯಾಸ ಮಾಡಿಸೋಕೆ ಘನಗಳು ಬೇಕಿತ್ತು,” ಎಂದು ಕೇಳಿದರು.

“ಬೀರು ಮುಂದೆ ನಿಲ್ಲಿಸಿ ತೋರಿಸಿ. ಗಾಜು ಒರೆಸಿಸಿದೀನಿ.”

ಟೀಚರು ಹಣೆ ಚಚ್ಚಿಕೊಂಡು ಮನೆಗೆ ಹೋಗಿ, ಒಂದೊಂದು ಸೆಂಟಿಮೀಟರಿನ ಘನ ಕತ್ತರಿಸಲು ಆಲೂಗಡ್ಡೆ ತೆಗೆದುಕೊಂಡು ಕೂತರು. ತಾಯಿಯೂ ಚಾಕು ಹಿಡಿದರು, ಪಕ್ಕದಲ್ಲಿ ಸ್ಕೇಲು.

“ನಲವತ್ತು ವರ್ಷ ತರಕಾರಿ ಹೆಚ್ಚಿದೀನಿ, ಯಾರೂ ಸ್ಕೇಲ್ ಇಟ್ಟು ನೋಡಿರ್ಲಿಲ್ಲ ಕಣೇ,” ಎಂದು ಗೊಣಗಿದರೂ, ಮೂಲೆ ಸೊಟ್ಟಗಾದದ್ದನ್ನೆಲ್ಲ ಮಗಳಿಗಿಂತ ಮೊದಲು ಅವರೇ ಪಾತ್ರೆಗೆ ಎಸೆಯುತ್ತಿದ್ದರು. ಆ ವಾರವಿಡೀ ಮನೆಯಲ್ಲಿ ಸೊಟ್ಟ ಆಲೂಗಡ್ಡೆಯದೇ ಪಲ್ಯ.

ಸೋಮವಾರ ಸೋಪಿನ ಡಬ್ಬಿಯಲ್ಲಿ ಅರವತ್ತು ತುಂಡು ಹಿಡಿದವು. ತಳದಲ್ಲಿ ಇಪ್ಪತ್ತು, ಅಂಥವು ಮೂರು ಪದರ. ಮೇಲಿನ ಪದರ ಮಾತ್ರ ಎಣಿಸಿ ‘ಇಪ್ಪತ್ತು’ ಎಂದು ಕೂಗಿದವರಿಗೆ ಟೀಚರು ತಾಳ್ಮೆಯಿಂದ ಹೇಳಿದರು: “ಕಣ್ಣಿಗೆ ಕಾಣದೆ ಒಳಗಿರೋದನ್ನೂ ಎಣಿಸ್ಬೇಕು. ಘನಫಲ ಅಂದ್ರೆ ಅದೇ.” ಬುಧವಾರ ಅದೇ ಡಬ್ಬಿಯಲ್ಲಿ ಅದೇ ತುಂಡುಗಳನ್ನು ಜೋಡಿಸಿದರೆ ಇನ್ನೂ ಜಾಗ ಉಳಿಯಿತು. ಡಬ್ಬಿ ಬೆಳೆದಿದೆಯೆಂದು ತರಗತಿಯೆಲ್ಲ ಒಪ್ಪಿಕೊಂಡಿತು, ಒಬ್ಬಳನ್ನು ಬಿಟ್ಟು.

“ಆದ್ರೆ ಮೇಡಂ, ಆಲೂಗಡ್ಡೆನೇ ಒಣಗಿ ಚಿಕ್ಕದಾಗಿರ್ಬಹುದಲ್ವಾ?”

ಈ ಹುಡುಗಿಯ ಪ್ರತಿ ಮಾತೂ ‘ಆದ್ರೆ’ ಎಂದೇ ಶುರುವಾಗುತ್ತಿತ್ತು. ಬೇರೆ ಮೇಷ್ಟರುಗಳು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಟೀಚರು ಮಾತ್ರ ಆ ದಿನ ಅವಳನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದರು. ಯಾರು ಏನೇ ಅಂದರೂ ನೋಡಿದ್ದನ್ನು ನೋಡಿದ ಹಾಗೇ ಹೇಳಬೇಕು, ಇವಳ ಹಾಗೆ ಎಂದರು. ಹಾಗೆಂದಾಗ ಅವರಿಗೆ ತಾನು ನಿಜಕ್ಕೂ ಟೀಚರೇ ಎನ್ನಿಸಿ ಹೆಮ್ಮೆಯಾಯಿತು.

ಇನ್‌ಸ್ಪೆಕ್ಟರು ಬರುವ ದಿನ ಬೆಳಿಗ್ಗೆ ಬೀರುವಿನ ಬೀಗ ತೆಗೆಯಲಾಯಿತು. ಟೀಚರು ಗಟ್ಟಿಯನ್ನು ಎತ್ತಿಕೊಂಡರು. ಎತ್ತಿದ ರಭಸಕ್ಕೆ ಕೈ ಮೇಲೆ ಹೋಯಿತು, ಅಷ್ಟು ಹಗುರ.

“ಅಲ್ಲಾಡಿಸ್ಬೇಡಿ ಮೇಡಂ, ಒಳಗೆ ಟೊಳ್ಳು,” ಎಂದ ಜವಾನ, ಹವಾಮಾನ ಹೇಳುವಷ್ಟು ಸಹಜವಾಗಿ.

“ಟೊಳ್ಳಾ?”

“ಅಂಟಿಸೋ ಹೊತ್ತಿಗೆ ಅರ್ಧ ಎಲ್ಲಿತ್ತು? ಕಿಟಕಿ ಬಡೀಬಾರ್ದು ಅಂತ ಸಿಕ್ಕಿಸಿದ್ದು ಒಂದಿಷ್ಟು, ಬೆಂಚ್ ಕಾಲಿಗೆ ಕೊಟ್ಟಿದ್ದು ಒಂದಿಷ್ಟು. ಹೆಡ್ಮಾಸ್ಟರ್ ಸಾಹೇಬ್ರ ಮೊಮ್ಮಗ ಮನೆ ಕಟ್ಟೋಕೆ ಅಂತ ತಗೊಂಡು ಹೋದ, ಆ ಮನೆ ವಾಪಸ್ ಬರ್ಲೇ ಇಲ್ಲ. ಸಾಹೇಬ್ರು ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿದ್ರು. ಸುತ್ತ ಒಂದು ಪದರ ನಿಲ್ಸೋಕೆ ನಾನೂರ ಎಂಬತ್ತೆಂಟು ಸಾಕಂತೆ.”

ಟೀಚರು ಮನಸ್ಸಿನಲ್ಲೇ ಗುಣಿಸಿ ನೋಡಿದರು. ಬದಿಗೆ ಹತ್ತರಂತಿರುವ ಗಟ್ಟಿಯಲ್ಲಿ ಒಳಗಿನ ಟೊಳ್ಳು ಎಂಟು ಇಂಟು ಎಂಟು ಇಂಟು ಎಂಟು, ಅಂದರೆ ಐನೂರ ಹನ್ನೆರಡು. ಸಾವಿರದಲ್ಲಿ ಕಳೆದರೆ ಸರಿಯಾಗಿ ಅಷ್ಟೇ. ಇಡೀ ಶಾಲೆಯಲ್ಲಿ ಘನಫಲದ ಪಾಠ ಇಷ್ಟು ಚೆನ್ನಾಗಿ ಅರ್ಥವಾಗಿದ್ದದ್ದು ಹೆಡ್ಮಾಸ್ಟರೊಬ್ಬರಿಗೇ.

ಅಷ್ಟರಲ್ಲಿ ಹೆಡ್ಮಾಸ್ಟರು ತರಗತಿಗೆ ಬಂದು ಮಕ್ಕಳ ಮುಂದೆ ನಿಂತರು. “ಇವತ್ತು ಬಾಯಿ ಮುಚ್ಕೊಂಡು ಇರ್ಬೇಕು. ಕೇಳಿದ್ದಕ್ಕಷ್ಟೇ ಉತ್ತರ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಮೇಡಂ ಕೆಲಸ ಹೋಗತ್ತೆ, ತಿಳೀತಾ?”

ಮಕ್ಕಳೆಲ್ಲ ತಲೆಯಾಡಿಸಿದರು.

ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಇಕ್ಕಟ್ಟಾಗಿ ಕೂತು ತೊಡೆಯ ಮೇಲೆ ಫಾರಂ ಹರಡಿಕೊಂಡರು. ಪಾಠ ಸಲೀಸಾಗಿ ಸಾಗಿತು. ಕೊನೆಗೆ ಅವರು ಬೆರಳು ತೋರಿಸಿ, “ಏಯ್, ನೀನು. ಆ ಗಟ್ಟಿ ಇಲ್ಲಿ ತಗೊಂಡ್ ಬಾ. ಅದರಲ್ಲಿ ಎಷ್ಟು ಘನ ಇದೆ ಹೇಳು,” ಎಂದರು. ನಲವತ್ತು ಮಕ್ಕಳಲ್ಲಿ ಅವರ ಬೆರಳು ನಿಂತದ್ದು ಸರಿಯಾಗಿ ಆ ‘ಆದ್ರೆ’ ಹುಡುಗಿಯ ಮೇಲೆ.

ಹುಡುಗಿ ಗಟ್ಟಿಯನ್ನು ಎತ್ತಿಕೊಂಡು ನಡೆದಳು. ಒಳಗೆ ಒಣಗಿ ಕಳಚಿದ್ದ ಗೋಂದಿನ ಉಂಡೆಯೊಂದು ಗಡಗಡ ಉರುಳಿತು. ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು.

ಅವಳು ಅಂಚುಗಳನ್ನು ಬೆರಳಲ್ಲಿ ಎಣಿಸಿದಳು. “ಹತ್ತು, ಹತ್ತು, ಹತ್ತು. ಸಾವಿರ ಸರ್.”

“ಭೇಷ್!” ಎಂದು ಹೆಡ್ಮಾಸ್ಟರು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು.

“ಆದ್ರೆ ಸರ್, ಒಳಗೆ ಏನೋ ಉರುಳ್ತಿದೆ. ಪೂರ್ತಿ ತುಂಬಿದ್ರೆ ಉರುಳೋಕೆ ಜಾಗ ಎಲ್ಲಿರತ್ತೆ? ಸಾವಿರ ಇರಲ್ಲ ಅನ್ಸತ್ತೆ.”

ಚಪ್ಪಾಳೆ ಅರ್ಧಕ್ಕೇ ನಿಂತಿತು. ಇನ್‌ಸ್ಪೆಕ್ಟರಿಗೆ ಗಾಬರಿಯಾಯಿತು. ಗಟ್ಟಿ ಟೊಳ್ಳೆಂದರೆ ವರದಿ, ವರದಿಯೆಂದರೆ ವಿಚಾರಣೆ, ವಿಚಾರಣೆಯೆಂದರೆ ಇದೇ ಶಾಲೆಗೆ ಇನ್ನು ನಾಲ್ಕು ಸಲ ಬಸ್ಸು ಹತ್ತಬೇಕು. ಅವರು ಪೆನ್ನಿನ ಮುಚ್ಚಳ ತೆಗೆದು ಫಾರಂ ಮೇಲೆ ಹಿಡಿದು, ಟೀಚರ ಕಡೆ ತಿರುಗಿದರು.

“ನೀವೇ ಹೇಳಿಬಿಡಿ ಮೇಡಂ. ಎಷ್ಟಿದೆ?”

ಹುಡುಗಿಯೂ ಟೀಚರ ಮುಖವನ್ನೇ ನೋಡಿದಳು. ಅವಳಿಗೆ ಚೂರೂ ಭಯವಿರಲಿಲ್ಲ, ಮೇಡಂ ಇದ್ದಾರಲ್ಲ. ಟೀಚರಿಗೆ ಎರಡು ಕೋಣೆ ನೆನಪಾಯಿತು, ಸ್ಕೇಲು ಹಿಡಿದು ಕೂತ ತಾಯಿ ನೆನಪಾದರು. ನಾನೂರ ಎಂಬತ್ತೆಂಟು ಎಂಬುದು ನಾಲಿಗೆಯ ತುದಿಯವರೆಗೂ ಬಂತು.

“ಸಾವಿರ, ಸರ್.”

“ಮತ್ತೆ ಸದ್ದು?”

“ಹೊರಗಡೆಯಿಂದ ಬಂದಿರ್ಬೇಕು.”

“ಅದೇ ಮತ್ತೆ! ಮಕ್ಕಳಿಗೆ ಭ್ರಮೆ ಜಾಸ್ತಿ,” ಎಂದು ನಿಟ್ಟುಸಿರು ಬಿಟ್ಟು ಇನ್‌ಸ್ಪೆಕ್ಟರು ಸಹಿ ಜಡಿದರು. ಷರಾ ಎಂಬಲ್ಲಿ, ‘ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುತ್ತಾರೆ’ ಎಂದು ಬರೆದರು. ಹೆಡ್ಮಾಸ್ಟರು ಗಟ್ಟಿಯನ್ನು ಮಲಗಿದ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು, ಒಂದಿಷ್ಟೂ ಅಲುಗಿಸದೆ ಬೀರುವಿಗೆ ಒಯ್ದರು. ಹುಡುಗಿ ಹೋಗಿ ತನ್ನ ಜಾಗದಲ್ಲಿ ಕೂತಳು.

ಗಂಟೆ ಹೊಡೆದು ತರಗತಿ ಖಾಲಿಯಾಯಿತು. ಟೀಚರು ಹಿಂದೆ ತಿರುಗದೆ ಬೋರ್ಡು ಒರೆಸುತ್ತಲೇ ಇದ್ದರು. ತಿರುಗಿದರೆ ಹುಡುಗಿ ಚೀಲ ನೇತುಹಾಕಿಕೊಂಡು ಮೇಜಿನ ಪಕ್ಕ ನಿಂತಿದ್ದಾಳೆ. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳುತ್ತಾಳೆ, ಕೇಳಲಿ, ಅಷ್ಟಾದರೂ ಆಗಲಿ ಎಂದು ಟೀಚರು ಕಾದರು.

“ಕೆಲಸ ಉಳೀತಾ ಮೇಡಂ?”

“ಉಳೀತು.”

“ಪರ್ವಾಗಿಲ್ಲ ಬಿಡಿ ಮೇಡಂ. ನಮ್ಮಮ್ಮನೂ ಅವ್ರ ಮಾಲೀಕ್ರ ಮುಂದೆ ಹೀಗೇ ಹೇಳೋದು. ನಾನು ಯಾರಿಗೂ ಹೇಳಲ್ಲ.”

ಆ ಮಾತಿಗಿಂತ ಕೆನ್ನೆಗೆ ಒಂದು ಬಾರಿಸಿದ್ದರೂ ಟೀಚರಿಗೆ ಅಷ್ಟು ನೋವಾಗುತ್ತಿರಲಿಲ್ಲ. ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಹುಡುಗಿ ಮಾತ್ರ, ಬಿದ್ದು ಅಳುವ ಮಗುವನ್ನು ದೊಡ್ಡವರು ಸಮಾಧಾನ ಮಾಡುವ ಹಾಗೆ, ಅವರ ಕೈ ಮೇಲೆ ಎರಡು ಸಲ ತಟ್ಟಿ ಮನೆಗೆ ಹೊರಟಳು.