ಎಲ್ಲಕ್ಕೂ ಹೂಂ ಎಂದ ಸೊಸೆ

ಬುಟ್ಟಿ ಹೆಣೆಯುವ ಅತ್ತೆಗೆ ಸೊಸೆಯೆಂದರೆ ಪ್ರಾಣ. ಬಾಯಲ್ಲಿ ಮಾತ್ರ ಬರೀ ಬೈಗುಳ. ಅವರ ಬುಡಕಟ್ಟಿನ ಜನರನ್ನು ಕಾಡಿನಿಂದ ಎಬ್ಬಿಸಿ ತಗಡಿನ ಮನೆಗಳಿಗೆ ತಂದು ಹಾಕಿದ ಮೇಲೆ ಸೊಸೆ ಬಿದಿರು ಮುಟ್ಟಿಲ್ಲ. ಊಟ ಸೇರದು, ನಿದ್ದೆ ಬಾರದು. ಗೋಡೆ ನೋಡುತ್ತಾ ಕೂತಿರುತ್ತಾಳೆ.

ಅವರದೇ ಜನದ ಆರೋಗ್ಯ ಕಾರ್ಯಕರ್ತೆ ಬಂದಾಗ ಅತ್ತೆ ಬಿದಿರು ಸೀಳುತ್ತಿದ್ದಳು.

"ಆಸ್ಪತ್ರೇಲಿ ಏನಂದ್ರು ದೊಡ್ಡಮ್ಮ?"

"ಏನೂ ಇಲ್ವಂತೆ ಕಣೇ. ಶಕ್ತಿ ಮಾತ್ರೆ ಕೊಟ್ರು. ಕಾಡು ಬಿಟ್ಟಿದ್ದು ಇವಳೊಬ್ಬಳೇನಾ? ನಾನೇನು ಗೋಡೆ ನೋಡ್ಕೊಂಡು ಕೂತಿದೀನಾ?"

"ನೀವು ಇಡೀ ಕೇರಿಗೆ ಬೈದು ಹಗುರ ಆಗ್ತೀರಿ. ಅವಳಿಗೆ ಆ ಭಾಗ್ಯ ಇಲ್ವಲ್ಲ!"

ಅತ್ತೆಗೆ ನಗು ತಡೆಯಲಾಗಲಿಲ್ಲ.

"ಡಾಕ್ಟ್ರು ಕೇಳಿದ್ದಕ್ಕೆ ಇವಳೇನಂದ್ಲು?"

"ಊಟ ಮಾಡ್ತೀಯಾ? ಹೂಂ. ನಿದ್ದೆ ಬರುತ್ತಾ? ಹೂಂ. ಹೊರಗಿನ ದೊಡ್ಡೋರು ಕೇಳಿದ್ರೆ ನಮ್ಮಲ್ಲಿ ಯಾರಾದ್ರೂ ಇಲ್ಲ ಅಂತಾರಾ? ಮರ್ಯಾದೆ ಬೇಡ್ವಾ?"

"ಅದೂ ಪಟ್ಟಣದ ಮಾತಲ್ಲಿ ಗಡಿಬಿಡೀಲಿ ಕೇಳಿರ್ತಾರೆ. ಅವಳಿಗೆ ಅರ್ಥವಾದ್ರೂ ಆಯ್ತಾ?"

ಅತ್ತೆಯ ಕತ್ತಿ ನಿಂತಿತು.

ಕಾರ್ಯಕರ್ತೆ ಸೊಸೆಯ ಪಕ್ಕ ಕೂತು, ತಮ್ಮ ಮಾತಿನಲ್ಲೇ ಮೆಲ್ಲಗೆ ಕೇಳಿದಳು: "ಬದುಕೋದೇ ಬೇಡ ಅನ್ಸುತ್ತಾ ತಂಗಿ? ನನಗೆ ಮರ್ಯಾದೆ ಬೇಡ, ನಿಜ ಹೇಳು."

"ಒಂದೊಂದ್ಸಲ ಅನ್ಸುತ್ತೆ ಅಕ್ಕ."

ಅತ್ತೆ ಕತ್ತಿ ಬಿಸುಟು ಬಂದು ಸೊಸೆಯನ್ನು ತಬ್ಬಿಕೊಂಡಳು. "ನೀನಿಲ್ದಿದ್ರೆ ನಾನ್ಯಾರಿಗೆ ಬೈಲೇ!"

"ಇದು ಸೋಮಾರಿತನ ಅಲ್ಲ ದೊಡ್ಡಮ್ಮ, ಮನಸ್ಸಿನ ಕಾಯಿಲೆ. ವಾಸಿ ಆಗುತ್ತೆ. ನೆಲ ಕಳ್ಕೊಂಡ ನಮ್ಮಂಥೋರಿಗೆ ನೋವು ಹೆಚ್ಚು, ಕೇಳೋರು ಕಡಿಮೆ. ಈಗಲೇ ಹೊರಡೋಣ. ಇವಳನ್ನ ಒಬ್ಬಳೇ ಬಿಡಬೇಡಿ. ಅಲ್ಲಿ ಡಾಕ್ಟ್ರ ಮಾತು ನಿಮಗೆ, ನಿಮ್ಮ ಮಾತು ಅವರಿಗೆ ನಾನು ತಿಳಿಸಿ ಹೇಳ್ತೀನಿ."

ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ಪಟ್ಟಣದ ಮಾತಲ್ಲೇ ಕೇಳಿದರು. ಕಾರ್ಯಕರ್ತೆ ಅದನ್ನು ತಮ್ಮ ಮಾತಿಗೆ ತಂದಳು: "ಚೆನ್ನಾಗಿದ್ದೀಯಾ ಅಂತ ಕೇಳ್ತಿದ್ದಾರೆ."

ಸೊಸೆ ಅತ್ತೆಯ ಮುಖ ನೋಡಿದಳು.

"ಇಲ್ಲ ಅನ್ನು ತಾಯಿ," ಎಂದಳು ಅತ್ತೆ. "ಗಟ್ಟಿಯಾಗಿ ಅನ್ನು."

"ಇಲ್ಲ," ಎಂದಳು ಸೊಸೆ. ಡಾಕ್ಟರು ಪೆನ್ನು ಕೆಳಗಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡರು.

ಚಿಕಿತ್ಸೆ ಇನ್ನೂ ನಡೆದಿದೆ. ಸೊಸೆ ಮತ್ತೆ ಬುಟ್ಟಿ ಹೆಣೆಯುತ್ತಿದ್ದಾಳೆ, ಅಂಚು ಸೊಟ್ಟಗಿದೆಯೆಂದು ಅತ್ತೆ ಬೈಯುತ್ತಿದ್ದಾಳೆ.

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಸುಮ್ಮನೆ ಹೂಂ ಅನ್ನುತ್ತಿರಬಹುದು. ಪಕ್ಕದಲ್ಲಿ ಕೂತು, ನಿಮ್ಮ ಮಾತಿನಲ್ಲೇ ಕೇಳಿ. ಆಸ್ಪತ್ರೆಯಲ್ಲಿ ನಿಮ್ಮ ಮಾತು ಬಲ್ಲವರು ಬೇಕೆಂದು ಕೇಳಲು ಹಿಂಜರಿಯಬೇಡಿ. ನೋವಿದ್ದಾಗ ಚೆನ್ನಾಗಿಲ್ಲ ಅನ್ನುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಒಂದು ಜೀವ ಉಳಿಯುತ್ತದೆ.