ಜೋಮು ಹಿಡಿದ ತುಟಿ

ಜನವರಿಯಲ್ಲಿ ಸತ್ತ ಊನೋ ಕಾಂಗಸ್‌ನನ್ನು ಮಣ್ಣು ಮಾಡಿದ್ದು ಮೇ ತಿಂಗಳಲ್ಲಿ. ಸುಪೀರಿಯರ್ ಸರೋವರದ ದಡದ ಆ ಊರಿನಲ್ಲಿ ಚಳಿಗಾಲದಲ್ಲಿ ಸತ್ತವರ ಪಾಡೇ ಇಷ್ಟು. ನೆಲ ಕಬ್ಬಿಣವಾಗಿ ಕೂತಿರುವಾಗ ಕುಣಿ ತೋಡುವ ಗಂಡು ಯಾರಿದ್ದಾನೆ? ಹಿಮ ಕರಗುವತನಕ ಶವಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆಯಲ್ಲಿ ಕಾಯಬೇಕು. ಮಗ ಡೇಲ್‌ನ ಅಳುವೂ ಅದರ ಜೊತೆಗೇ ಕಾದಿತ್ತು. ಜನವರಿಯಲ್ಲಿ ಬರಲಿಲ್ಲ, ಮೇಯಲ್ಲಿ ಬಂದೀತು ಎಂದುಕೊಂಡಿದ್ದ. ಬಂದದ್ದು ತುಟಿಯ ಮೇಲೆ ಜ್ವರದ ಗುಳ್ಳೆ.

ಬೇರೆಯವರಿಗಾದರೆ ಅದೊಂದು ಸಂಗತಿಯೇ ಅಲ್ಲ. ಡೇಲ್ ಕಹಳೆ ಊದುವವನು. ಸೈನ್ಯದಲ್ಲಿದ್ದವರನ್ನು ಹೂಳುವಾಗ ಕೊನೆಗೊಂದು ಕಹಳೆ ಮೊಳಗಬೇಕು. ಊದಬಲ್ಲವರು ಕಡಿಮೆಯಾಗಿ, ಈಗೀಗ ಕಹಳೆಯೊಳಗೆ ಪುಟ್ಟ ಯಂತ್ರವೊಂದನ್ನು ಸಿಕ್ಕಿಸಿ, ಬಟನ್ ಒತ್ತಿ, ಊದಿದಂತೆ ನಟಿಸುತ್ತಾರೆ. ಸತ್ತವನಿಗೂ ಮೋಸ, ಇದ್ದವರಿಗೂ ಮೋಸ ಎಂದು ಡೇಲ್ ಅದನ್ನು ಕಂಡರೆ ಉರಿದುಬೀಳುತ್ತಿದ್ದ. ಕೊರೆಯುವ ಗಾಳಿಯಲ್ಲೂ ಗುರುತುಪರಿಚಯವಿಲ್ಲದ ಮುದುಕರಿಗೆಲ್ಲ ತಾನೇ ಊದಿದ್ದ. ನೌಕಾಪಡೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಅಪ್ಪ ಮಗನಲ್ಲಿ ಕೇಳಿದ್ದೂ ಅದೊಂದನ್ನೇ: "ನನಗೂ ನೀನೇ ಊದೋ. ಆ ಡಬ್ಬ ಬೇಡ."

ಮಣ್ಣು ಮಾಡುವ ಹಿಂದಿನ ದಿನ ಔಷಧಿ ಅಂಗಡಿಗೆ ಹೋದಾಗ ಅಲ್ಲಿದ್ದ ಹೆಂಗಸು ಕನ್ನಡಕ ಏರಿಸಿ ತುಟಿ ನೋಡಿದಳು.

"ಚುರುಚುರು ಅಂದಾಗ್ಲೇ ಬರ್ಬೇಕಿತ್ತು ನೀವು. ಈ ಕ್ರೀಮು ಆಗ ಹಚ್ಚಿದ್ರೆ ಸ್ವಲ್ಪ ಬೇಗ ವಾಸಿಯಾಗ್ತಿತ್ತು. ಈಗ ಒಡೆದು ನೀರಾಡ್ತಿದೆಯಲ್ಲ."

"ನಾಳೆಗೆ ಹೋಗೋ ಅಂಥದ್ದು ಏನಾದ್ರೂ ಕೊಡಿ."

"ನಾಳೆಗೆ ದೇವರೇ ಬಂದ್ರೂ ಹೋಗಲ್ಲ. ನೋವು ತಿಳೀದಂಗೆ ಜೋಮು ಹಿಡಿಸೋದು ಒಂದಿದೆ, ತಗೊಳ್ಳಿ. ಕೈ ತೊಳ್ಕೊಂಡು ಹಚ್ಚಿ. ಯಾರಿಗೂ ಮುತ್ತುಗಿತ್ತು ಕೊಡಕ್ಕೆ ಹೋಗ್ಬೇಡಿ ಮತ್ತೆ."

ಕೆಟ್ಟ ಮೇಲೆ ಬುದ್ಧಿ ಬಂತು. ಚುರುಗುಟ್ಟಿದ್ದು ಅವನಿಗೆ ತಿಳಿಯದೇ ಇರಲಿಲ್ಲ. ಆದರೆ ಆ ಚಳಿಗಾಲವಿಡೀ ಅವನು ತನ್ನದೆನ್ನುವ ಯಾವುದನ್ನು ತಾನೇ ಗಮನಿಸಿದ್ದ?

ಮರುದಿನ ಸ್ಮಶಾನದ ಬಳಿ ಕಾರಿನಲ್ಲೇ ಕೂತು ಮುಲಾಮನ್ನು ದಪ್ಪಗೆ ಮೆತ್ತಿಕೊಂಡ. ನೋವು ಹೋಯಿತು, ಅದರ ಹಿಂದೆ ತುಟಿಯೂ ಹೋಯಿತು. ಕಹಳೆಯೆಂದರೆ ತುಟಿಯ ಕಂಪನ. ಅದು ತನಗೇ ತಿಳಿಯದಿದ್ದರೆ ಸ್ವರ ಎಲ್ಲಿಂದ ಹುಟ್ಟಬೇಕು? ಇಷ್ಟು ವರ್ಷ ಊದಿದವನಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ನೋವಿಗೆ ಹೆದರಿದವನ ಬುದ್ಧಿ ಅಷ್ಟೇ. ಪೈನ್ ಮರಗಳ ಹಿಂದೆ ಹೋಗಿ ಊದಿ ನೋಡಿದ. ಬರೀ ಗಾಳಿ, ನಡುವೆ ಒಂದು ನರಳುವ ಸದ್ದು ಬಂತು.

ಗೌರವಕ್ಕೆ ಬಂದೂಕು ಹಾರಿಸುವ ತಂಡದ ಹಿರಿಯ ಲಿರಾಯ್ ಹುಡುಕಿಕೊಂಡು ಬಂದ. "ಏನಯ್ಯಾ ಅದು ಸದ್ದು? ಹಸು ಗಿಸು ಈಯ್ತಿದ್ಯಾ ಇಲ್ಲಿ?"

ಡೇಲ್ ತುಟಿ ತೋರಿಸಿದ. ಮುದುಕನ ನಗು ನಿಂತಿತು. ವ್ಯಾನಿಗೆ ಹೋಗಿ ಇನ್ನೊಂದು ಕಹಳೆ ತಂದ.

"ನನ್ನ ಮೇಲೆ ಸಿಟ್ಟಾಗ್ಬೇಡ. ಬಟನ್ ಒತ್ತು, ಬಾಯಿಗಿಡು, ಸುಮ್ನೆ ನಿಂತ್ಕೋ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ."

"ಅದಕ್ಕೆ ನಾನೇನ್ಮಾಡ್ಲಿ ಮಾರಾಯ? ಅಲ್ಲಿ ನಿಮ್ಮಮ್ಮ ಕಾಯ್ತಿದ್ದಾಳೆ."

ಬಂದೂಕುಗಳು ಹಾರಿದವು. ಡೇಲ್ ಬಟನ್ ಒತ್ತಿದ. ಸ್ವರ ಎಲ್ಲೂ ಒಡೆಯಲಿಲ್ಲ, ತೊದಲಲಿಲ್ಲ. ಯಾವಾಗಲೂ ಉಸಿರಿನ ಲೆಕ್ಕದಲ್ಲಿ ಕಣ್ಣು ಮುಚ್ಚಿರುತ್ತಿದ್ದವನಿಗೆ ಇಂದು ನೋಡುವುದು ಬಿಟ್ಟರೆ ಕೆಲಸವಿರಲಿಲ್ಲ. ನಾವಿಕರಿಬ್ಬರು ಪೆಟ್ಟಿಗೆಗೆ ಹೊದಿಸಿದ್ದ ಬಾವುಟ ಮಡಿಚಿ ಅಮ್ಮನ ತೊಡೆಯ ಮೇಲಿಟ್ಟರು. ಪೆಟ್ಟಿಗೆ ಇಳಿಯಿತು. ಮಣ್ಣು ಮುಚ್ಚುವುದು ಜನ ಹೋದ ಮೇಲೆ, ಸ್ಮಶಾನದವರ ಕೆಲಸ. ಯಾರದೋ ಅಪ್ಪನನ್ನು ಯಾರೋ ಹೂಳುತ್ತಿದ್ದಾರೆ ಎನ್ನಿಸಿತು. ಅವನಿಗೆ ದುಃಖವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು. ಇಷ್ಟು ಚೆನ್ನಾಗಿ ನೀನು ಯಾವತ್ತೂ ಊದಿರಲಿಲ್ಲ ಎಂದು ಬಂದವರೆಲ್ಲ ಬೆನ್ನು ತಟ್ಟಿದರು. ಅವನು ಥ್ಯಾಂಕ್ಸ್ ಎಂದ. ಮೂಲೆಯಲ್ಲಿ ಬಾವುಟ ಹಿಡಿದು ಕೂತಿದ್ದ ಅಮ್ಮ ಇರ್ಯ ಅವನನ್ನು ಪಕ್ಕಕ್ಕೆ ಕರೆದಳು.

"ನಿನ್ನ ಹೆಗಲು ಏಳಲಿಲ್ಲ," ಎಂದಳು.

"ಏನಮ್ಮ?"

"ನಾಲ್ಕನೇ ಕ್ಲಾಸಿಂದ ನೋಡಿದೀನಿ ಕಣೋ. ಊದೋ ಮುಂಚೆ ನಿನ್ನ ಹೆಗಲು ಕಿವಿಗೆ ಬರುತ್ತೆ. ಇವತ್ತು ಏಳಲೇ ಇಲ್ಲ."

ಡೇಲ್ ತಲೆ ತಗ್ಗಿಸಿದ. "ತುಟಿ ಒಡೆದಿತ್ತಮ್ಮ. ಊದಿದ್ರೆ ಅಪಸ್ವರ ಬರ್ತಿತ್ತು."

"ಬರ್ಲಿ. ನಿಮ್ಮಪ್ಪ ಏನು ಸಂಗೀತದ ಪರೀಕ್ಷೆ ಮಾಡಕ್ಕೆ ಮಲಗಿದ್ನಾ?"

 ಕಾಫಿ ಎತ್ತಿ ಗುಟುಕರಿಸಿದ. ಜೋಮು ಇಳಿದ ತುಟಿಗೆ ಬಿಸಿ ತಾಗಿ ಮುಖ ಕಿವುಚಿದ.

"ನೋಯ್ತಿದ್ಯಾ?" ಅಮ್ಮ ಕೇಳಿದಳು.

"ನೋಯ್ತಿದೆ."

ಅವಳು ಬಾವುಟವನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದಳು. "ಹಂಗಾದ್ರೆ ನಿನ್ನ ಕಹಳೆ ತಗೋ, ಕಾರ್ ತೆಗಿ. ಅವರು ಮಣ್ಣು ಮುಚ್ಚೋಕೆ ಮುಂಚೆ ಹೋಗೋಣ."