ಗಲ್ಲಾದಕ್ಕನ ಕಿವಿ

ಕಿವುಡಿ ಅನ್ನಿಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಕನಿಷ್ಠ ಪಕ್ಷ ಕಿವಿಯಾದರೂ ಕೇಳಿಸದೆ ಇರಬೇಕು. ಗಲ್ಲಾದಕ್ಕನಿಗೆ ಆ ಯೋಗ್ಯತೆಯೂ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ಕಾಫಿ ಅಂಗಡಿಯಲ್ಲಿ, ಎರಡು ಗೋಡೆಗಳ ನಟ್ಟನಡುವೆ, ಗಲ್ಲಾದ ಹಿಂದೆ ಕೂತೂ ಕೂತೂ ಕೂದಲು ಬೆಳ್ಳಗೆ ಮಾಡಿಕೊಂಡ ಹೆಂಗಸು ಅವಳು. ಅಡುಗೆಮನೆಯಲ್ಲಿ ಲೋಟ ಬಿದ್ದರೆ ಒಡೆದದ್ದು ದೊಡ್ಡದೋ ಚಿಕ್ಕದೋ ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ಹಾಲು ಉಕ್ಕುವುದಕ್ಕೆ ಮುಂಚೆ ಪಾತ್ರೆ ಮಾಡುವ ಗುರುಗುರು ಸದ್ದು ಒಲೆಯ ಮುಂದೆ ನಿಂತವನಿಗಿಂತ ಮೊದಲು ಅವಳಿಗೆ ಕೇಳುತ್ತಿತ್ತು. ಅಂಥವಳ ಕಿವಿಗೆ ಬಾಯಿಟ್ಟು ಒಡಹುಟ್ಟಿದ ತಮ್ಮನೇ ಈಗ ಕೂಗಿ ಮಾತಾಡುತ್ತಿದ್ದ. ಅದೂ ಗಿರಾಕಿಗಳ ಮುಂದೆ, ನಗುನಗುತ್ತಾ.

ಇಷ್ಟಕ್ಕೆಲ್ಲ ಮೂಲ ಜೂಕ್‌ಬಾಕ್ಸು. ಅಪ್ಪ ಯಾವುದೋ ಕಾಲದಲ್ಲಿ, ಬಾಗಿಲು ಮುಚ್ಚಿದ ಹೋಟೆಲೊಂದರಿಂದ ಹೊತ್ತು ತಂದ ಹಾಡಿನ ಯಂತ್ರ ಅದು. ಕಾಸು ಹಾಕಿ ಗುಂಡಿ ಒತ್ತಿದರೆ ಒಳಗಿನ ಲೋಹದ ಕೈ ಸಾಲಿನಿಂದ ಒಂದು ಹಾಡಿನ ತಟ್ಟೆಯನ್ನು ಎತ್ತಿ ಮಲಗಿಸುತ್ತದೆ, ಮುಳ್ಳು ಇಳಿಯುತ್ತದೆ, ಗಾಜಿನ ಹಿಂದೆ ಕೆಂಪು ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಮೊದಮೊದಲು ಹಾಡು ಅದರ ಹೊಟ್ಟೆಯಿಂದಲೇ ಬರುತ್ತಿತ್ತು. ಪಕ್ಕದ ಮೇಜಿನವರಿಗೆ ತಲೆನೋವು ಬರುತ್ತದೆಂದು ಅಪ್ಪ ಹೊಟ್ಟೆಯ ಸ್ಪೀಕರಿನ ವೈರು ಕಿತ್ತು, ಎಡಗೋಡೆಗೊಂದು ಬಲಗೋಡೆಗೊಂದು ಮರದ ಡಬ್ಬ ಹೊಡೆಸಿ, ಅವುಗಳಿಂದ ಹಾಡಿಸಿದ. ಅವತ್ತಿನಿಂದ ಅಂಗಡಿ ತುಂಬ ಹಾಡು, ಯಾರಿಗೂ ತಲೆನೋವಿಲ್ಲ.

ಈ ವರ್ಷ ತಮ್ಮನಿಗೆ ಅಂಗಡಿಯನ್ನು ಹೊಸದು ಮಾಡುವ ಹುಮ್ಮಸ್ಸು ಬಂತು. ಗೋಡೆಗೆ ಕೆನೆಬಣ್ಣ ಬಳಿಸಿದ. ಬಣ್ಣದವನು ಕೈಗೆ ಸಿಕ್ಕಿದ್ದಕ್ಕೆಲ್ಲ ಬ್ರಷ್ ಎಳೆದ. ಸ್ವಿಚ್ಚಿಗೆ ಬಣ್ಣ, ಮೊಳೆಗೆ ಬಣ್ಣ, ಗೋಡೆಯ ಮೇಲೆ ಹಾದುಹೋದ ವೈರಿಗೂ ಬಣ್ಣ. ಅದೇ ಗಡಿಬಿಡಿಯಲ್ಲಿ ಎಡಗೋಡೆಯ ಡಬ್ಬಕ್ಕೆ ಏಣಿ ತಗುಲಿ ಸ್ಪೀಕರಿನ ಕಾಗದ ಹರಿಯಿತು. ಮೆಕ್ಯಾನಿಕ್ ಬಂದು ಬೇರೆ ಸ್ಪೀಕರ್ ಕೂರಿಸಿ ಹೋದ. ಅಂಗಡಿ ಹೊಸ ಮದುಮಗನ ಹಾಗೆ ಕಾಣುತ್ತಿತ್ತು. ಆದರೆ ಅಕ್ಕನ ಪಾಲಿಗೆ ಹಾಡು ಮಾತ್ರ ಅವತ್ತೇ ಸತ್ತುಹೋಯಿತು. ಹಾಡುವವಳ ದನಿ ಎಲ್ಲೋ ಗೋಡೆಯಾಚೆ. ಡೋಲಿನ ಪೆಟ್ಟೇ ಇಲ್ಲ. ಉಳಿದದ್ದು ಚಿಲಿಪಿಲಿ ಅನ್ನುವ ಒಂದಿಷ್ಟು ತಂತಿಯ ಸದ್ದು.

"ಏನೋ ಇದು, ಹಾಡಿನ ಜೀವಾನೇ ಹೋಗಿದೆ," ಅಂದಳು.

"ಚೆನ್ನಾಗೇ ಇದೆಯಲ್ಲ," ಅಂದ ತಮ್ಮ, ಬಲಗೋಡೆಯ ಪಕ್ಕ ನಿಂತು.

ಅಕ್ಕನ ಕಾಟಕ್ಕೆ ಮೆಕ್ಯಾನಿಕ್ ಮತ್ತೆ ಬಂದ. ಮುಳ್ಳು ಬದಲಿಸಿದ. ಯಂತ್ರದೊಳಗಿನ ಗಾಜಿನ ವಾಲ್ವುಗಳನ್ನು ಒಂದೊಂದಾಗಿ ಕಿತ್ತು, ಒರೆಸಿ, ಮತ್ತೆ ಚುಚ್ಚಿದ. ವಾಲ್ಯೂಮಿನ ಗುಂಡಿಗೆ ಎಣ್ಣೆ ಬಿಟ್ಟು ಗರಗರ ತಿರುಗಿಸಿದ. ಕೊನೆಗೆ ಎಡಗೋಡೆಯ ಡಬ್ಬದ ಕೆಳಗೆ ನಿಂತು ತಲೆ ತೂಗಿದ.

"ಫಸ್ಟ್‌ಕ್ಲಾಸ್ ಆಗಿದೆ, ಅಕ್ಕಾವ್ರೇ. ಇದಕ್ಕಿಂತ ಚೆನ್ನಾಗಿ ಬೇಕು ಅಂದ್ರೆ ಹಾಡಿದೋರನ್ನೇ ಕರ್ಕೊಂಡು ಬರ್ಬೇಕು."

"ಇಲ್ಲಿ ಬಂದು ಕೇಳಿ ನೋಡಿ," ಅಂದಳು ಅಕ್ಕ, ಗಲ್ಲಾದ ಹಲಗೆ ತಟ್ಟಿ.

ಅವನು ಗಲ್ಲಾದ ಈಚೆಗೇ ಒಂದು ಬದಿಗೆ ಸರಿದು ನಿಂತು ಕೇಳಿ, "ಕೇಳ್ಸುತ್ತಲ್ಲ," ಅಂದ. ಆಚೆಗೆ ಹೋಗಲಿಲ್ಲ. ಹೊರಗಿನವರು ಗಲ್ಲಾದ ಹಿಂದೆ ಕಾಲಿಡಬಾರದು ಅನ್ನುವುದು ಅಪ್ಪನ ಕಾಲದ ಕಟ್ಟಪ್ಪಣೆ. ಅದನ್ನು ಬಿಗಿಯಾಗಿ ನಡೆಸಿಕೊಂಡು ಬಂದವಳು ಅಕ್ಕನೇ. ಹಿಂದೊಮ್ಮೆ ಇದೇ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತೆಗೆದುಕೊಳ್ಳಲು ಆಚೆ ಬಗ್ಗಿದ್ದಕ್ಕೆ ಅವನ ಜನ್ಮ ಜಾಲಾಡಿದ್ದಳು. ಅವನು ಆ ಪಾಠ ಮರೆತಿರಲಿಲ್ಲ.

ಹೊರಡುವಾಗ ಅವನು ತಮ್ಮನ ಕಡೆ ನೋಡಿ, ತನ್ನ ಕಿವಿಯನ್ನು ಬೆರಳಿಂದ ಮುಟ್ಟಿ ತೋರಿಸಿದ. ತಮ್ಮ ಕಣ್ಣು ಮಿಟುಕಿಸಿದ. ಅಕ್ಕನ ಕಣ್ಣಂತೂ ಹೋಗಿಲ್ಲವಲ್ಲ, ಎರಡನ್ನೂ ಕಂಡಳು. ಮೈಯೆಲ್ಲ ಉರಿದುಹೋಯಿತು.

ಅದರ ಬೆನ್ನಿಗೇ ಬನ್ನಿನ ಪ್ರಸಂಗ ನಡೆಯಿತು. ಯಾರೋ ಗಿರಾಕಿ ಬಾಗಿಲಲ್ಲಿ ಸ್ನೇಹಿತರನ್ನು ಕಂಡು "ಬನ್ನಿ, ಬನ್ನಿ" ಅಂದ. ಅಕ್ಕ ಅಡುಗೆಮನೆಯ ಕಡೆ ತಿರುಗಿ "ಎರಡು ಬನ್" ಎಂದು ಕೂಗಿದಳು. ಬೆಳಗಿನ ನೂಕುನುಗ್ಗಲಲ್ಲಿ ಯಾರಿಗಾದರೂ ಆಗುವ ತಪ್ಪು. ಅವಳ ಅಪ್ಪನಿಗೂ ಆಗಿದೆ. ಆದರೆ ಆ ಎರಡು ಬನ್ನು ಊರೆಲ್ಲ ಸುತ್ತಿ ಬಂದವು. ಅಲ್ಲಿಂದ ಮುಂದೆ ಎಲ್ಲರೂ ಅವಳ ಹತ್ತಿರ ಕೂಗಿಯೇ ಮಾತಾಡುವವರು. ಪೇಪರಿನವನು ಕೂಗಿದ, ಹಾಲಿನವನು ಕೂಗಿದ, ಒಬ್ಬ ಮಹಾನುಭಾವ ಬೆರಳು ಮಡಚಿ ಕಾಫಿ ಕುಡಿಯುವ ಅಭಿನಯವನ್ನೇ ಮಾಡಿ ತೋರಿಸಿದ. ಅವನಿಗೆ ಅಕ್ಕ ಬೇಕೆಂದೇ ಟೀ ಕೊಡಿಸಿದಳು.

ಕೂಗುವವರಾದರೂ ಪರವಾಗಿಲ್ಲ. ಹೊಟ್ಟೆ ಉರಿಸಿದ್ದು ಕೂಗದವರು.

ಗಲ್ಲಾದ ಹಿಂದೆ, ಬಲಗೋಡೆಯ ಮೂಲೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ ಒಂದು ಪುಟ್ಟ ಮೇಜಿದೆ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿಗೆ ತಮ್ಮ ಮತ್ತು ಅವನ ಹೆಂಡತಿ ಅಲ್ಲಿ ಕೂತು ಕಾಫಿ ಕುಡಿಯುತ್ತಾರೆ. ಅಕ್ಕ ಕಿವುಡಿ ಎಂದು ಗೊತ್ತಾದ ಮೇಲೆ ಅವರ ಬಾಯಿಗೆ ಬೀಗವಿರಲಿಲ್ಲ. ಜತೆಗೆ ಹಾಡೂ ಇದೆಯಲ್ಲ, ಯಾರಿಗೆ ಕೇಳುತ್ತದೆ ಅನ್ನುವ ಧೈರ್ಯ. ಪಾಪ, ಅವರು ಕೂತಲ್ಲಿಗೆ ಹಾಡು ಜೋರಾಗಿಯೇ ಕೇಳುತ್ತಿತ್ತು. ಅಕ್ಕ ಕೂತಲ್ಲಿ ಹಾಡು ಇರಲಿಲ್ಲ, ಹಾಗಾಗಿ ಮಾತು ಅಕ್ಷರ ಬಿಡದೆ ಬಂದು ಬೀಳುತ್ತಿತ್ತು.

"ಬರೋ ತಿಂಗಳಿಂದ ಗಲ್ಲಾದಲ್ಲಿ ನೀನೇ ಕೂತ್ಕೋ. ಅಕ್ಕ ಮನೇಲಿರ್ಲಿ," ಅಂದ ತಮ್ಮ ಒಂದು ದಿನ.

"ಅವ್ರಿಗೆ ಬೇಜಾರಾಗಲ್ವಾ?"

"ಬೇಜಾರೇನು ಬಂತು. ಕಿವಿ ಕೇಳ್ಸಿದ್ರೂ ಅಷ್ಟೇ, ಕೇಳಿಸ್ದೆ ಇದ್ರೂ ಅಷ್ಟೇ. ಅವಳ ಹತ್ರ ಹೇಳ್ಕೊಳ್ಳೋ ಅಂಥದ್ದು ಯಾರಿಗೆ ಏನಿದೆ ಹೇಳು."

ಹೆಂಡತಿ ಕಾಫಿಯಲ್ಲಿ ಚಮಚ ತಿರುಗಿಸಿದಳು. ಆ ಚಮಚದ ಸದ್ದೂ ಅಕ್ಕನಿಗೆ ಕೇಳಿತು.

ಅವಳಿಗೆ ಎದ್ದು ಹೋಗಿ ಅವನ ಕಿವಿ ಹಿಂಡಬೇಕು ಅನ್ನಿಸಿತು. ಇವನಿಗೆ ಮಾತು ಕಲಿಸಿದ್ದೇ ಅವಳು. ಜ್ವರ ಬಂದಾಗ, ಪರೀಕ್ಷೆಯಲ್ಲಿ ನಪಾಸಾದಾಗ, ಹೆಣ್ಣು ನೋಡಿ ಬಂದ ದಿನ ಇವನು ಬಂದು ಹೇಳಿಕೊಂಡದ್ದೆಲ್ಲ ಯಾರ ಹತ್ತಿರ? ಆದರೂ ಏಳಲಿಲ್ಲ. ಕೇಳಿಸಿತು ಅಂದರೆ ಅವನು ಆ ಮಾತು ಆಡಿದ್ದು ನಿಜವಾಗಿಬಿಡುತ್ತದೆ. ಆಮೇಲೆ ಒಂದೇ ಮನೆಯಲ್ಲಿ ಇಬ್ಬರೂ ಅದನ್ನು ಹೊತ್ತುಕೊಂಡು ಓಡಾಡಬೇಕು. ಹೀಗಾಗಿ ಅವಳ ಸಿಟ್ಟೆಲ್ಲ ಯಂತ್ರದ ಕಡೆ ತಿರುಗಿತು. ಈ ದರಿದ್ರ ಪೆಟ್ಟಿಗೆಯ ಹುಳುಕು ಬಯಲಾಗಲಿ, ಕುರ್ಚಿಯ ಮಾತು ಆಮೇಲೆ ನೋಡೋಣ ಅಂದುಕೊಂಡಳು.

ಹುಳುಕು ತಾನಾಗಿಯೇ ಕಾಲಿಗೆ ಸಿಕ್ಕಿತು. ಒಂದು ದಿನ ಹಾಡು ನಡೆಯುತ್ತಿರುವಾಗ, ಎಡಗಡೆಯ ಮೇಜಿನ ಕೆಳಗೆ ಯಾರೋ ಬಿಟ್ಟುಹೋದ ಕೊಡೆ ಎತ್ತಿಡಲು ಎದ್ದಳು. ಗಲ್ಲಾದಿಂದ ಆ ಕಡೆಗೆ ಸರಿದದ್ದೇ ತಡ, ಹಾಡುವವಳ ದನಿ ಎದೆಗೇ ಬಂದು ತಾಗಿತು. ಡೋಲು ಗುಮ್ಮೆಂದಿತು. ಅಕ್ಕ ಕೊಡೆ ಹಿಡಿದುಕೊಂಡು ನಿಂತುಬಿಟ್ಟಳು. ವಾಪಸು ನಡುವಿಗೆ ಬಂದಳು, ದನಿ ಮಾಯ. ಬಲಗಡೆಗೆ ಹೋದಳು, ಮತ್ತೆ ಬಂತು. ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದ ಅವಳನ್ನು ಗಿರಾಕಿಗಳು ಲೋಟ ಎತ್ತಿದವರು ಎತ್ತಿದ ಹಾಗೆಯೇ ನೋಡಿದರು. ಕಿವಿ ಆಯಿತು, ಈಗ ತಲೆಯೂ ಹೋಯಿತು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಕಿವಿ ಎರಡೂ ಅಂಟಿಕೊಂಡಿರುವುದು ತಲೆಗೆ, ಗಲ್ಲಾಕ್ಕಲ್ಲ. ಕಿವಿ ಕೆಟ್ಟಿದ್ದರೆ ಹೋದಲ್ಲೆಲ್ಲ ಕೆಟ್ಟಿರಬೇಕಿತ್ತು. ಇಷ್ಟು ಸಣ್ಣ ವಿಷಯ ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ ಎಂದು ಅವಳಿಗೆ ತನ್ನ ಮೇಲೂ ರೇಗಿತು.

ಮೆಕ್ಯಾನಿಕ್‌ಗೆ ಫೋನು ಹೋಯಿತು. ಅವನು ಬರುವ ಹೊತ್ತಿಗೆ ತಮ್ಮನೂ ಅವನ ಹೆಂಡತಿಯೂ ಅಂಗಡಿಯಲ್ಲೇ ಇದ್ದರು.

"ಮತ್ತೇನಾಯ್ತು, ಅಕ್ಕಾವ್ರೇ?" ಮೆಕ್ಯಾನಿಕ್ ಜೋರಾಗಿ ಕೂಗಿ ಕೇಳಿದ.

"ಮೆಲ್ಲಗೆ ಮಾತಾಡಿ. ಬನ್ನಿ, ಇಲ್ಲಿ ಕೂತ್ಕೊಳ್ಳಿ," ಅಂದಳು ಅಕ್ಕ, ತನ್ನ ಕುರ್ಚಿ ತೋರಿಸಿ.

ಅವನು ತಮ್ಮನ ಮುಖ ನೋಡಿದ. ತಮ್ಮ ಅಕ್ಕನ ಮುಖ ನೋಡಿದ. "ಗಲ್ಲಾದಲ್ಲಾ? ಏನಕ್ಕಾ ಇದು," ಅಂದ.

"ಈ ಕುರ್ಚಿಗೆ ಹೇಗೂ ಬೇರೆಯವ್ರು ಬರೋರಿದ್ದಾರಂತಲ್ಲ. ಇವತ್ತು ಇವ್ರೇ ಕೂತ್ಕೊಳ್ಳಿ," ಅಂದಳು.

ತಮ್ಮನಿಗೆ ಅದು ಅರ್ಥವಾಯಿತೋ ಇಲ್ಲವೋ. ಅವನ ಹೆಂಡತಿಯ ಕೈಯಲ್ಲಿದ್ದ ಬಟ್ಟೆ ಮಾತ್ರ ಒರೆಸುತ್ತಿದ್ದ ಮೂಲೆಯ ಮೇಜಿನ ಮೇಲೆ ನಿಂತುಬಿಟ್ಟಿತು.

ಅಪ್ಪ ಹೋದ ಮೇಲೆ ಆ ಕುರ್ಚಿಯಲ್ಲಿ ಹೊರಗಿನವನೊಬ್ಬ ಕೂತದ್ದು ಅದೇ ಮೊದಲು. ಅಕ್ಕ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಎದ್ದ ಕುರ್ಚಿ ತನಗೆ ವಾಪಸು ಸಿಗದೆ ಹೋದರೆ ಎಂಬ ಹೆದರಿಕೆ ಅವಳಿಗಿರಲಿಲ್ಲ ಅಂದರೆ ಸುಳ್ಳಾದೀತು. ತಮ್ಮ ಕಾಸು ಹಾಕಿ ಗುಂಡಿ ಒತ್ತಿದ. ಹಾಡು ಶುರುವಾಯಿತು. ಮೆಕ್ಯಾನಿಕ್ ಮೊದಲು ನಗುತ್ತಿದ್ದ. ಆಮೇಲೆ ತಲೆಯನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ನಗು ಇಳಿದುಹೋಯಿತು.

"ಒಂದು ಟಾರ್ಚಿನ ಸೆಲ್ ಇದ್ರೆ ಕೊಡಿ," ಅಂದ, ಈ ಸಲ ಮೆಲ್ಲಗೆ.

ಯಂತ್ರ ಆರಿಸಿ, ಎರಡೂ ಡಬ್ಬದ ಮುಂದಿನ ಬಟ್ಟೆ ಬಿಚ್ಚಿದ. ತಮ್ಮನನ್ನು ಸ್ಟೂಲಿನ ಮೇಲೆ ಹತ್ತಿಸಿದ. ಯಂತ್ರದ ಹಿಂದೆ ಬಗ್ಗಿ ಬಲಗಡೆಯ ವೈರಿಗೆ ಸೆಲ್ಲು ಮುಟ್ಟಿಸಿದ.

"ಕಾಗದ ಯಾವ ಕಡೆ ಹೋಯ್ತು?"

"ಮುಂದಕ್ಕೆ ಉಬ್ಬಿತು," ಅಂದ ತಮ್ಮ.

ಸ್ಟೂಲು ಎಡಗೋಡೆಗೆ ಹೋಯಿತು. ಅದೇ ಸೆಲ್ಲು, ಅದೇ ರೀತಿ.

"ಒಳಕ್ಕೆ ಹೋಯ್ತು," ಅಂದ ತಮ್ಮ. ದನಿ ಸ್ವಲ್ಪ ಸಣ್ಣದಾಗಿತ್ತು.

"ವೈರು ಉಲ್ಟಾ ಆಗಿದೆ," ಅಂದ ಮೆಕ್ಯಾನಿಕ್. "ಒಂದು ಡಬ್ಬ ಗಾಳೀನ ತಳ್ಳೋವಾಗ ಇನ್ನೊಂದು ಎಳ್ಕೊಳ್ತಿದೆ. ಗೋಡೆ ಪಕ್ಕ ಕೂತೋರಿಗೆ ಒಂದೇ ಡಬ್ಬ ಕೇಳುತ್ತೆ, ಏನೂ ಗೊತ್ತಾಗಲ್ಲ. ನಡೂಮಧ್ಯೆ ಎರಡೂ ಸೇರಿ ಒಂದನ್ನೊಂದು ನುಂಗಿ ಹಾಕ್ತವೆ. ವೈರು ಕೆಂಪು ಯಾವ್ದು, ಕಪ್ಪು ಯಾವ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಎಲ್ಲಾ ಕೆನೆಬಣ್ಣ."

"ಗೊತ್ತಾಗ್ದೆ ಇದ್ರೆ ಕೇಳ್ಬೇಕು. ಇಲ್ಲಾ ಕೆರೆದು ನೋಡ್ಬೇಕು," ಅಂದಳು ಅಕ್ಕ. "ಅದು ಬಿಟ್ಟು ಕಿವಿ ಮುಟ್ಕೊಂಡು ತೋರಿಸ್ಬಿಟ್ರಲ್ಲ. ನನ್ನ ಕಿವಿಗೆ ಯಾವ ಬಣ್ಣ ಬಳಿದಿದ್ರು?"

ಮೆಕ್ಯಾನಿಕ್ ತಲೆ ಕೆರೆದುಕೊಂಡ. ತಪ್ಪು ಒಪ್ಪಿಕೊಳ್ಳುವ ಬದಲು ಅವಳನ್ನು ಹೊಗಳಿ ಜಾರಿಕೊಳ್ಳೋಣ ಅಂದುಕೊಂಡನೋ ಏನೋ, ತಮ್ಮನ ಕಡೆ ತಿರುಗಿ ಹೇಳಿದ.

"ನಿಮ್ಮಕ್ಕನ ಕಿವಿ ಪಾದರಸ ಕಣ್ರೀ. ನಿಜ ಹೇಳ್ಬೇಕು ಅಂದ್ರೆ, ಈ ಕುರ್ಚೀಲಿ ಹಾಡೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಬೇರೆ ಕಡೆಗಿಂತ ಚೆನ್ನಾಗಿ ಕೇಳುತ್ತೆ. ಈಗ ಹಾಡು ಆಗೋವಾಗ ನಿಮ್ಮನೆಯವ್ರು ಆ ಮೂಲೆ ಮೇಜಿನ ಹತ್ರ ಗೊಣಗಿದ್ದು ಕೂಡ ಸ್ಪಷ್ಟವಾಗಿ ಕೇಳ್ತು ನಂಗೆ."

ತಮ್ಮ ಸ್ಟೂಲಿನ ಮೇಲೇ ಇದ್ದ. ಮೂಲೆಯ ಮೇಜನ್ನು ನೋಡಿದ, ಗಲ್ಲಾ ನೋಡಿದ, ನಡುವಿನ ಜಾಗವನ್ನು ಕಣ್ಣಲ್ಲೇ ಅಳೆದ. ಆಮೇಲೆ ಅಕ್ಕನ ಕಡೆ ನೋಡಿದ. ಅವಳು ಕಣ್ಣು ಕದಲಿಸಲಿಲ್ಲ.

"ಅಕ್ಕ, ಹಾಗಾದ್ರೆ ನಿನಗೆ..." ಅಂದ.

"ಎಲ್ಲಾ ಕೇಳಿದೆ," ಅಂದಳು ಅಕ್ಕ. "ಇಳಿ ಕೆಳಗೆ, ಬೀಳ್ತೀಯ."

ವೈರು ಅದಲುಬದಲಾಯಿತು. ಹಾಡು ಗಲ್ಲಾದ ತನಕ ಇಡಿಯಾಗಿ ಬಂತು. ಅಕ್ಕ ತನ್ನ ಕುರ್ಚಿಯಲ್ಲಿ ಕೂತಳು. ಬರುವ ತಿಂಗಳು ಬಂದು ಹೋಯಿತು, ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ. ಯಾರೂ ಕೂಗುತ್ತಲೂ ಇರಲಿಲ್ಲ. ಗೆದ್ದಳು ಅನ್ನಬಹುದು. ಆದರೆ ಕ್ಷಮಿಸು ಎಂಬ ಮೂರಕ್ಷರ ತಮ್ಮನ ಬಾಯಿಂದ ಉದುರಲಿಲ್ಲ. ಅದು ಹೋಗಲಿ, ಅವಳು ಇರುವ ಕಡೆ ಅವನ ಬಾಯೇ ತೆರೆಯದಂತಾಯಿತು. ಮೂಲೆಯ ಮೇಜು ಖಾಲಿ. ಗಂಡ ಹೆಂಡತಿ ಏನಾದರೂ ಮಾತಾಡಬೇಕಾದರೆ ಲೋಟ ಹಿಡಿದು ಅಂಗಡಿಯ ಹೊರಗೆ, ಫುಟ್‌ಪಾತಿನ ಮೇಲೆ ನಿಲ್ಲುತ್ತಿದ್ದರು. ಗಾಜಿನ ಬಾಗಿಲಾಚೆ ತುಟಿ ಅಲ್ಲಾಡುವುದು ಅಕ್ಕನಿಗೆ ಕಾಣುತ್ತಿತ್ತು. ಈಗ ಅವಳು ನಿಜಕ್ಕೂ ಕಿವುಡಿಯಾಗಿದ್ದಳು.

ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಗಿರಾಕಿ ಹಾಕಿದ ಹಾಡು ನಡೆಯುತ್ತಿತ್ತು, ನಡೆಯಲಿ ಎಂದು ಗಲ್ಲಾ ಬಿಟ್ಟು ಎದ್ದು, ಬಾಗಿಲು ತಳ್ಳಿ ಹೊರಗೆ ನಿಂತಳು.

"ನನ್ನ ಬೈಯೋದಾದ್ರೂ ಒಳಗೆ ಬಂದು ಬೈಯಿರಿ," ಅಂದಳು. "ಬೀದೀಲಿ ನಿಂತು ಏನದು ಅಂಥಾ ರಹಸ್ಯ?"

ತಮ್ಮ ನೆಲ ನೋಡಿದ. ಅವನ ಹೆಂಡತಿಯೇ ಬಾಯಿ ಬಿಟ್ಟಳು.

"ಬೈತಾ ಇರ್ಲಿಲ್ಲ ಅಕ್ಕ. ಇವ್ರಿಗೆ ಹಲ್ಲುನೋವು. ನಿನ್ನೆಯಿಂದ ನಿದ್ದೆ ಇಲ್ಲ."

ಅಕ್ಕ ತಮ್ಮನ ಮುಖ ನೋಡಿದಳು. ಎಡಗೆನ್ನೆ ಊದಿಕೊಂಡಿತ್ತು. ಇಡೀ ದಿನ ಎದುರಿಗೇ ಓಡಾಡಿದ್ದಾನೆ, ತಾನೂ ಸಿಟ್ಟಿನಲ್ಲಿ ಮುಖವೆತ್ತಿ ನೋಡಿಲ್ಲ.

"ಹಲ್ಲುನೋವಾ," ಅಂದಳು. ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಹಲ್ಲುನೋವು ಅಂತ ನನ್ನ ಹತ್ರ ಹೇಳೋದಕ್ಕೇನೋ ಆಗಿತ್ತು ನಿನಗೆ?"